ರಿನ್ಯೂ ಬಟನ್‌ಗೆ ಒಂದು ಹೆಸರಿಡಕ್ಕೆ ಏನ್ರೀ ಕಷ್ಟ?

ನಮ್ಮ ಲೈಬ್ರರಿಯ ಹೊಸ ಸೈಟ್ ತುಂಬಾ ಚೆನ್ನಾಗಿದೆಯಂತೆ. ಯಾರ ಕಣ್ಣಿಗೆ? ನಂಗಂತೂ ಕಣ್ಣು ಕಾಣಲ್ಲ. ಹಳೇದ್ರಲ್ಲಿ ಎಚ್ ಕೀ ಒತ್ಕೊಂಡು ಹೆಡಿಂಗಿಂದ ಹೆಡಿಂಗಿಗೆ ಹಾರಿ ಆಡಿಯೋ ಬುಕ್ ರಿನ್ಯೂ ಮಾಡಿ ಮುಗಿಸ್ತಿದ್ದೆ. ಈಗ ಲಾಗಿನ್ನಿಗೇ ಚಿತ್ರ ನೋಡಿ ನಾನು ಮನುಷ್ಯ ಅಂತ ಸಾಬೀತು ಮಾಡೋ ಕ್ಯಾಪ್ಚಾ, ಕೇಳಿ ಉತ್ತರಿಸೋ ಆಡಿಯೋ ಇಲ್ಲ. ಯಾರನ್ನೋ ಕಾಡಿ ಬೇಡಿ ಅದನ್ನ ದಾಟಿದ್ರೂ ಒಳಗೆ ಎನ್‌ವಿಡಿಎ, ಅಂದ್ರೆ ಪರದೆ ಮೇಲಿರೋದನ್ನ ಓದಿ ಹೇಳೋ ನನ್ನ ಸ್ಕ್ರೀನ್ ರೀಡರ್, "ಬಟನ್, ಬಟನ್, ಬಟನ್" ಅಂತ ಜಪ ಮಾಡ್ತಾ ಕೂರುತ್ತೆ. ಯಾವುದು ರಿನ್ಯೂ, ಯಾವುದು ಲಾಗೌಟ್, ದೇವರೇ ಬಲ್ಲ.

ಸರಿ ಅಂತ ಕೌಂಟರಿಗೆ ಹೋದ್ರೆ, "ಮನೇಲಿ ಕಣ್ಣು ಕಾಣೋರು ಯಾರೂ ಇಲ್ವಾ?" ಆಮೇಲೆ "ಪಾಸ್‌ವರ್ಡ್ ಹೇಳಿ." ಹಿಂದೆ ಕ್ಯೂ. ಮೆಲ್ಲಗೆ ಹೇಳ್ದೆ. "ಕೇಳಿಸ್ಲಿಲ್ಲ, ಜೋರಾಗಿ." ಜೋರಾಗಿ ಹೇಳ್ದೆ. "ಮೊದಲನೇದು ಕ್ಯಾಪಿಟಲ್ಲಾ?" ಹೂಂ ಕ್ಯಾಪಿಟಲ್ಲು. ಅಷ್ಟಕ್ಕೆ ಬಿಟ್ರಾ, ಲಿಸ್ಟ್ ತೆಗೆದು ಗಟ್ಟಿಯಾಗಿ ಓದಕ್ಕೆ ಶುರು, "ಈ ಕಾದಂಬರಿ ಬೇಕಾ? ಇದು ಡೈವೋರ್ಸ್ ಕಾನೂನಿಂದು, ಇದನ್ನೂ ರಿನ್ಯೂ ಮಾಡ್ಲಾ?" ಕ್ಯೂ ಪೂರ್ತಿ ಗಪ್‌ಚುಪ್. ಹಿಂದಿಂದ ಯಾರೋ "ಪಾಪ" ಅಂದ್ರು. ಕಣ್ಣಿಗೋ ಡೈವೋರ್ಸಿಗೋ ಗೊತ್ತಾಗ್ಲಿಲ್ಲ, ಯಾವುದಕ್ಕಾದ್ರೂ ಆಗ್ಲಿ ಥ್ಯಾಂಕ್ಸ್.

ಕಣ್ಣು ಕಾಣೋರು ಏನು ಓದ್ತಾರೆ ಅಂತ ಅವರ ಮನೆಯವ್ರಿಗೂ ಗೊತ್ತಿರಲ್ಲ. ನಂದು ಕ್ಯೂಗೆಲ್ಲಾ ಗೊತ್ತು.

ಕೌಂಟರಲ್ಲಿದ್ದವ್ರ ಮೇಲೆ ಸಿಟ್ಟಿಲ್ಲ ಬಿಡಿ, ಸಹಾಯಾನೇ ಮಾಡಿದ್ದು. ಇಲ್ಲ, ಇದೆ. ಅವರ ಮೇಲೂ ಇದೆ. ಆದ್ರೆ ಜಾಸ್ತಿ ಇರೋದು ಆ ಸೈಟ್ ಮಾಡಿದೋರ ಮೇಲೆ, ಮೂಲೇಲಿ ಒಂದು ವೀಲ್‌ಚೇರ್ ಐಕಾನ್ ಅಂಟಿಸಿ ಒಳಗೆ ಎ ಪ್ಲಸ್, ಎ ಮೈನಸ್ ಇಟ್ಟಿದಾರಂತೆ, ಮಂದ ದೃಷ್ಟಿ ಇರೋರಿಗೆ ಅದು ಬೇಕು ಒಪ್ಪಿದೆ, ಆದ್ರೆ ನಾನು ಅಕ್ಷರ ದೊಡ್ಡದು ಮಾಡ್ಕೊಂಡ್ರೆ ಸ್ಕ್ರೀನ್ ರೀಡರ್ ಏನು ಕೂಗಿ ಓದುತ್ತಾ?

ಅಂಗವಿಕಲರೂ ಬಳಸೋ ಹಾಗೆ ಸೈಟ್ ಹೇಗೆ ಮಾಡ್ಬೇಕು ಅಂತ ಹೇಳೋ ವೆಬ್ ಆಕ್ಸೆಸಿಬಿಲಿಟಿ ಗೈಡ್‌ಲೈನ್ಸ್ ಮೊದಲು ಬಂದಿದ್ದು 1999ರಲ್ಲಿ. ಅದರ 2.2 ಆವೃತ್ತಿ ಬಂದಿದ್ದು 2023ರಲ್ಲಿ. ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್, ಅಂದ್ರೆ ಅದರಲ್ಲೇನಿದೆ ಅಂತ ಹೇಳೋ ಬರಹ, ಕೊಡಿ ಅನ್ನೋದು ಮೊದಲಿಂದಲೂ ಇದೆ. ಇಲ್ಲಿ ಯಾರಾದ್ರೂ ಡೆವಲಪರ್ ಇದ್ರೆ ಉತ್ತರ ಕೊಡಿ, ಯಾರಾದ್ರೂ ಸರಿ. ಒಂದು ಬಟನ್‌ಗೆ ಆರಿಯಾ ಲೇಬಲ್, ಅಂದ್ರೆ ಸ್ಕ್ರೀನ್ ರೀಡರ್ ಓದೋ ಹೆಸರು, ಹಾಕಕ್ಕೆ ಎಷ್ಟು ಹೊತ್ತು ಬೇಕ್ರೀ? ಲೈವ್ ಮಾಡೋ ಮುಂಚೆ ಮಾನಿಟರ್ ಆಫ್ ಮಾಡಿ, ಮೌಸ್ ಬದಿಗಿಟ್ಟು, ಒಂದೇ ಒಂದು ಪುಸ್ತಕ ರಿನ್ಯೂ ಮಾಡಿ ನೋಡಿದೀರಾ?

ಯಾರೂ ಹೇಳಲ್ಲ, ಗೊತ್ತು. ಆ ಕಡೆ ಇನ್ನು ತಲೆ ಹಾಕಿ ಮಲಗಲ್ಲ ಅಂತ ಬರೋವಾಗ ಶಪಥ ಮಾಡ್ದೆ, ಆದ್ರೆ ಡ್ಯೂ ಡೇಟ್ ಮತ್ತೆ ಬರುತ್ತಲ್ಲ, ಹೋಗ್ದೆ ಏನ್ ಮಾಡ್ಲಿ. ಅಷ್ಟರೊಳಗೆ ಊರಿಗೆಲ್ಲಾ ಗೊತ್ತಾಗಿರೋ ಪಾಸ್‌ವರ್ಡ್ ಬದಲಾಯಿಸ್ಬೇಕು. ಅದು ಎಷ್ಟನೇ ಬಟನ್ನು ಅಂತನಾದ್ರೂ ಯಾರಾದ್ರೂ ಹೇಳಿ.