ಸಿತ್ತಾಂಗ್ ಸೇತುವೆ, 1942: ತಪ್ಪು ಹೊಸ ಸಿಪಾಯಿಗಳದ್ದೇ?

1942ರ ಫೆಬ್ರವರಿಯಲ್ಲಿ ಬರ್ಮಾದಲ್ಲಿ ಜಪಾನಿಯರೆದುರು ಹಿಂಜರಿಯುತ್ತಿದ್ದ ಬ್ರಿಟಿಷ್ ಭಾರತೀಯ ಸೇನೆ, ತನ್ನ ಹೆಚ್ಚಿನ ಜನ ದಾಟುವ ಮೊದಲೇ ಸಿತ್ತಾಂಗ್ ನದಿಯ ಸೇತುವೆಯನ್ನು ತಾನೇ ಹಾರಿಸಿಬಿಟ್ಟಿತು. ಈ ಸೋಲಿಗೆ ಸಿಪಾಯಿಗಳ ಅನನುಭವವೇ ಕಾರಣ ಎಂಬ ಮಾತಿಗೆ ಪರ-ವಿರೋಧ ವಾದಗಳು ಇಲ್ಲಿವೆ.

ಪರ: ಪಳಗದ ಪಡೆಯನ್ನು ಕಾಡಿಗೆ ನೂಕಿದರು

ಬರ್ಮಾಕ್ಕೆ ಇಳಿದ 17ನೇ ಭಾರತೀಯ ಪದಾತಿ ಡಿವಿಜನ್ ಹೆಸರಿಗಷ್ಟೇ ಡಿವಿಜನ್. ಅದರ ಮೂರು ಬ್ರಿಗೇಡುಗಳಲ್ಲಿ (ಡಿವಿಜನ್ನಿನ ಒಳಗಿನ ತುಕಡಿಗಳು) 44, 45ನೆಯವು ಮಲಯ-ಸಿಂಗಪುರದ ಪಾಲಾಗಿ, ಮೂಲದ್ದೆಂದು ಉಳಿದದ್ದು 46 ಒಂದೇ. 16 ಮತ್ತು 48 ಆಮೇಲೆ ಕೂಡಿಕೊಂಡವು. ಹೊಸ ಬೆಟಾಲಿಯನ್ ಕಟ್ಟಲು ಹಳೆಯವುಗಳಿಂದ ನುರಿತ ಸುಬೇದಾರರನ್ನೂ ಹವಾಲ್ದಾರರನ್ನೂ ಎತ್ತಿಕೊಳ್ಳುತ್ತಿದ್ದರು. ಸೈನ್ಯದಲ್ಲಿ ಇದಕ್ಕೆ ‘ಹಾಲು ಕರೆಯುವುದು’ ಎಂಬ ಮಾತೇ ಇತ್ತು. ತರಬೇತಿಯೂ ವಾಹನಗಳೂ ಮಧ್ಯಪ್ರಾಚ್ಯದ ಬಯಲಿಗೆ ಹೊಂದುವಂಥವು. ಲಾರಿ ನಂಬಿದ ಪಡೆ ರಸ್ತೆ ಬಿಡಲಾರದು. ಜಪಾನಿನ 33ನೇ ಡಿವಿಜನ್ ಚೀನಾದಲ್ಲಿ ಕಾದಾಡಿ ಬಂದದ್ದು. ಅವರು ಎದುರಿಗೆ ಅಷ್ಟಿಷ್ಟು ಗುಂಡು ಹಾರಿಸುತ್ತ, ಕಾಡಿನಲ್ಲಿ ಬಳಸಿ ಹೋಗಿ ಬೆನ್ನ ಹಿಂದಿನ ರಸ್ತೆಗೆ ಅಡ್ಡ ಕೂರುತ್ತಿದ್ದರು. ಬೆನ್ನ ಹಿಂದೆ ಗುಂಡಿನ ಸದ್ದು ಕೇಳಿದ ಹೊಸ ಸಿಪಾಯಿಗೆ ಎಲ್ಲ ಮುಗಿಯಿತೆಂದೇ ಅನಿಸುತ್ತದೆ. ಪಳಗಿದವನು ಅಲ್ಲೇ ಗುಂಡಿ ತೋಡುತ್ತಾನೆ.

ಇದೇ ಡಿವಿಜನ್ನನ್ನು ಆಮೇಲೆ ಜನರಲ್ ಕೋವನ್ ಹೇಸರಗತ್ತೆ, ಜೀಪುಗಳ ಮೇಲೆ ಹೊಸದಾಗಿ ಕಟ್ಟಿದರು. 1944ರ ಮಾರ್ಚ್‌ನಲ್ಲಿ ಬರ್ಮಾದ ಟಿಡ್ಡಿಮ್‌ನಿಂದ ಇಂಫಾಲಕ್ಕೆ ಬರುವ ರಸ್ತೆಯಲ್ಲಿ ಜಪಾನಿನ ಅದೇ 33ನೇ ಡಿವಿಜನ್ ಮತ್ತೆ ದಾರಿ ಕಟ್ಟಿತು. ಈ ಸಲ 17ನೆಯವರು ಅಡ್ಡಗಟ್ಟೆ ಒಡೆದುಕೊಂಡು ಇಂಫಾಲ ಸೇರಿದರು.

ವಿರೋಧ: ಸೋಲಿಸಿದ್ದು ಗಡಿಯಾರ

ಫೆಬ್ರವರಿಯ ದಿನಗಳನ್ನು ಒಂದೊಂದಾಗಿ ಎಣಿಸಿ ನೋಡಿ. ಡಿವಿಜನ್ ನಡೆಸುತ್ತಿದ್ದ ಜನರಲ್ ಸ್ಮಿತ್ ಮೊದಲೇ ಸಿತ್ತಾಂಗ್ ನದಿಗೆ ಸರಿಯಬೇಕೆಂದರು. ರಂಗೂನಿಗೆ ಕುಮಕು ಬರುವವರೆಗೆ ಮುಂದೆಯೇ ನಿಲ್ಲಬೇಕೆಂದು ಅವರ ಮೇಲಧಿಕಾರಿ ಜನರಲ್ ಹಟನ್ ತಡೆದರು. ಸಿತ್ತಾಂಗಿಗೂ ಮುಂಚೆ ಸಿಗುವ ಬಿಲಿನ್ ನದಿಯ ದಂಡೆಯಲ್ಲಿ ಈ ‘ಹಸಿ’ ಪಡೆ ನಾಲ್ಕು ದಿನ ಹೋರಾಡಿತು! ಹಿಂದೆ ಸರಿಯಲು ಅಪ್ಪಣೆ ಸಿಕ್ಕಿದ್ದು 19ರಂದು. ಹಿಂಜರಿಯುವ ಆದೇಶವನ್ನು ಸಂಕೇತಭಾಷೆಯಿಲ್ಲದೆ ರೇಡಿಯೊದಲ್ಲಿ ಹೇಳಿದರು, ಶತ್ರು ಕೇಳಿಸಿಕೊಂಡ. ಇದು ಸಿಪಾಯಿಯ ಅನನುಭವವಲ್ಲ. 21ರಂದು ಧೂಳು ತುಂಬಿದ ರಸ್ತೆಯಲ್ಲಿದ್ದ ಸಾಲಿನ ಮೇಲೆ ಮಿತ್ರಪಕ್ಷದ ವಿಮಾನಗಳೇ ಬಾಂಬು ಹಾಕಿದವು.

ದಾಟಲು ಇದ್ದದ್ದು ಒಂದೇ ರೈಲುಸೇತುವೆ. ಹಳಿಗಳ ಮೇಲೆ ಹಲಗೆ ಹಾಸಿದ್ದರು. 22ರ ಬೆಳಗಿನ ಜಾವ ಲಾರಿಯೊಂದು ಹಲಗೆಯಿಂದ ಜಾರಿ ಸಿಕ್ಕಿಕೊಂಡಿತು. ಹಿಂದಿನ ವಾಹನಗಳೆಲ್ಲ ಗಂಟೆಗಟ್ಟಲೆ ನಿಂತವು. ಆ ಬೆಳಿಗ್ಗೆಯೇ ಜಪಾನಿಯರು ಸೇತುವೆಯ ಬಾಯಿಗೆ ಬಂದರು. 23ರ ಬೆಳಿಗ್ಗೆ 5:30ಕ್ಕೆ ಸ್ಯಾಪರ್‌ಗಳು (ಸೇನೆಯ ಎಂಜಿನಿಯರರು) ಸೇತುವೆ ಹಾರಿಸಿದಾಗ ಎರಡು ಬ್ರಿಗೇಡುಗಳ ಹೆಚ್ಚಿನ ಜನ ಇನ್ನೂ ಶತ್ರುವಿದ್ದ ಆಚೆ ದಡದಲ್ಲಿದ್ದರು. ಬಿದಿರು ಕಟ್ಟಿಕೊಂಡು, ಈಜಿ ಬಂದವರನ್ನೂ ಸೇರಿಸಿ ಎಣಿಸಿದರೆ ಪದಾತಿಗಳು 3,484; ಬಂದೂಕು 1,420. ನದಿಯಲ್ಲಿ ಈಜುವವನು ಬಂದೂಕು ಹೊರಲಾರ, ಅವನೆಷ್ಟೇ ಅನುಭವಿಯಾಗಿರಲಿ.

ಇನ್ನು ಟಿಡ್ಡಿಮ್. ಅಲ್ಲಿ ದಾರಿ ಬಿಡಿಸಲು ಇಂಫಾಲದಿಂದ 23ನೇ ಡಿವಿಜನ್ನಿನ ಎರಡು ಬ್ರಿಗೇಡುಗಳು ಎದುರು ಬಂದವು, ವಿಮಾನಗಳು ಅನ್ನ, ಮದ್ದುಗುಂಡು ಇಳಿಸಿದವು. ಸಿತ್ತಾಂಗ್ ರಸ್ತೆಯಲ್ಲಿ ಮೇಲಿನಿಂದ ಬಿದ್ದದ್ದು ಸ್ವಪಕ್ಷದ ಬಾಂಬು.