ದಿಲ್ಲಿಯ ಗುಜರಿ, ಮೈಸೂರಿನ ಸವಾರಿ

84 ಲಕ್ಷ ರೂಪಾಯಿಗೆ ಕೊಂಡ ಜರ್ಮನ್ ಕಾರನ್ನು ದಿಲ್ಲಿಯ ಮಾಲೀಕರೊಬ್ಬರು ಎರಡೂವರೆ ಲಕ್ಷಕ್ಕೆ ಮಾರಿದರೆಂಬ ಸುದ್ದಿ 2025ರ ಜುಲೈನಲ್ಲಿ ಪತ್ರಿಕೆಗಳಲ್ಲಿ ಬಂದದ್ದೇ ತಡ, ಮೈಸೂರಿನ ಎಷ್ಟೋ ಸಭ್ಯ ಗೃಹಸ್ಥರ ನಿದ್ದೆ ಕೆಟ್ಟಿತು. ಆಯುಧಪೂಜೆಯ ದಿನ ಸ್ಕೂಟರಿನ ಮುಂದೆ ಬೂದುಗುಂಬಳ ಒಡೆದು ತೃಪ್ತರಾಗುತ್ತಿದ್ದವರೆಲ್ಲ ದಿಲ್ಲಿ, ಗುರುಗ್ರಾಮ, ನೊಯ್ಡಾಗಳ ಡೀಲರುಗಳೊಡನೆ ರಾತ್ರಿ ಹೊತ್ತು ಮುರುಕು ಹಿಂದಿಯಲ್ಲಿ ಚೌಕಾಸಿಗೆ ಇಳಿದರು.

ಹಿನ್ನೆಲೆ ನಿಮಗೆ ಗೊತ್ತಿರುವುದೇ. ರಾಜಧಾನಿ ವಲಯದಲ್ಲಿ ಡೀಸೆಲ್ ವಾಹನಕ್ಕೆ 10 ವರ್ಷ, ಪೆಟ್ರೋಲ್ ವಾಹನಕ್ಕೆ 15 ವರ್ಷ ಆಯಸ್ಸು ಎಂಬ ಹಸಿರು ನ್ಯಾಯಮಂಡಳಿಯ ಮಾತನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಆಯಸ್ಸು ಮುಗಿದ ಗಾಡಿಗೆ ಬಂಕಿನಲ್ಲಿ ಎಣ್ಣೆಯನ್ನೇ ಹಾಕಬಾರದೆಂದು 2025ರ ಜುಲೈ 1ರಿಂದ ಕ್ಯಾಮೆರಾ ಇಟ್ಟು ಕಾದರು, ಕೆಲವೇ ದಿನಗಳಲ್ಲಿ ಅದನ್ನು ಕೈಬಿಟ್ಟರು, ಆಗಸ್ಟ್ 12ರಂದು ಅಂಥ ಮಾಲೀಕರ ಮೇಲೆ ಸದ್ಯಕ್ಕೆ ಬಲವಂತದ ಕ್ರಮ ಬೇಡವೆಂದು ಸುಪ್ರೀಂ ಕೋರ್ಟೇ ಹೇಳಿತು. ಅಷ್ಟರಲ್ಲಿ ಕಾರುಗಳು ಲಾರಿ ಏರಿಯಾಗಿತ್ತು. ದಿಲ್ಲಿಯ ಮಕ್ಕಳ ಶ್ವಾಸಕೋಶಕ್ಕೆ ವಿಷವಾದ ಹೊಗೆ ವಿಂಧ್ಯ ಪರ್ವತವನ್ನು ದಾಟಿದ ಕೂಡಲೇ ಪರಿಶುದ್ಧವಾಗಿ, ಒಂದು ನಿರಾಕ್ಷೇಪಣಾ ಪತ್ರದೊಡನೆ ಕುವೆಂಪುನಗರದ ಮಕ್ಕಳಿಗೆ ಒಗ್ಗುತ್ತದೆ ಎಂಬ ವೈಜ್ಞಾನಿಕ ಸತ್ಯವನ್ನು ಕಂಡುಹಿಡಿದ ನಮ್ಮ ವ್ಯವಸ್ಥೆಗೆ ಮೊದಲು ಒಂದು ನಮಸ್ಕಾರ ಸಲ್ಲಲೇಬೇಕು.

ಹೀಗೆ ಬಂದ ಕಾರುಗಳಲ್ಲಿ ಒಂದು ಕುವೆಂಪುನಗರದ ನಮ್ಮ ಷಡ್ಡಕರ ಮನೆಯ ಪೋರ್ಟಿಕೊದಲ್ಲಿದೆ. ಅವರು ಅಶೋಕಪುರಂ ರೈಲ್ವೆ ಕಾರ್ಯಾಗಾರದಿಂದ ನಿವೃತ್ತರಾದವರು. ಮನುಷ್ಯ ಜೋಡಿಸಿದ ಯಂತ್ರವನ್ನು ಮನುಷ್ಯ ಬಿಚ್ಚಬಲ್ಲ ಎಂಬುದು ಅವರ ಸಿದ್ಧಾಂತ, ಮತ್ತು ಆ ಸಿದ್ಧಾಂತದ ಬಲದ ಮೇಲೆಯೇ ಅವರು ಹತ್ತು ವರ್ಷ ದಾಟಿದ ಡೀಸೆಲ್ ಜರ್ಮನ್ ಸೆಡಾನ್ ತರಿಸಿದರು. ಕಂಪನಿಯ ಹೆಸರು ಹೇಳುವುದಿಲ್ಲ. ಬಾನೆಟ್ಟಿನ ಮೇಲಿನ ಲಾಂಛನ ಬೀದಿಗೆಲ್ಲ ಕಾಣುವಂತೆ ಗಾಡಿಯನ್ನು ಮುಂಭಾಗ ಹೊರಗಾಗಿ ನಿಲ್ಲಿಸಿರುವುದರಿಂದ ಹೇಳುವ ಅಗತ್ಯವೂ ಇಲ್ಲ.

ಈಗ ತೆರಿಗೆಯ ವಿಷಯಕ್ಕೆ ಬರೋಣ. ಹೊರ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿದರೆ ಮರುನೋಂದಣಿ ಮಾಡಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಮರುನೋಂದಣಿ ಎಂದರೆ ಕರ್ನಾಟಕದ ಜೀವಾವಧಿ ತೆರಿಗೆ. 20 ಲಕ್ಷ ಮೀರಿದ ಕಾರಿಗೆ ಅದು ಶೇಕಡ 18, ಅದರ ಮೇಲೆ ಸೆಸ್ಸು. ಗಾಡಿ ಹಳೆಯದಾದರೆ ವಯಸ್ಸಿಗೆ ತಕ್ಕ ಸೋಡಿ ಉಂಟು, ಅದನ್ನು ಒಪ್ಪಿಕೊಳ್ಳೋಣ. ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ಬೆಲೆಯಿಂದಲ್ಲ, ಹತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ಶೋರೂಮಿನಲ್ಲಿ ಕೊಟ್ಟ ಬೆಲೆಯಿಂದ. ಆ 84 ಲಕ್ಷದ ಕಾರನ್ನೇ ತೆಗೆದುಕೊಳ್ಳಿ. ಶೇಕಡ 18 ಎಂದರೆ 15 ಲಕ್ಷದ 12 ಸಾವಿರ. ಸೋಡಿ ಎಷ್ಟೇ ಉದಾರವಾಗಿದ್ದು ಅದರ ಕಾಲು ಭಾಗ ಮಾತ್ರ ಉಳಿದರೂ 3 ಲಕ್ಷದ 78 ಸಾವಿರ. ಕಾರು ಎರಡೂವರೆ, ತೆರಿಗೆ ಪೌಣೇ ನಾಲ್ಕು. ದಿಲ್ಲಿಯಲ್ಲಿ ಕಟ್ಟಿದ್ದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ವಾಪಸು ಕೇಳುವ ಹಕ್ಕೂ ನಮಗಿದೆ, ಆ ಹಕ್ಕನ್ನು ಚಲಾಯಿಸಲು ದಿಲ್ಲಿಗೆ ಓಡಾಡುವ ರೈಲು ಚಾರ್ಜನ್ನು ಯಾರು ಕೊಡುತ್ತಾರೆಂಬುದು ಬೇರೆ ಮಾತು.

ವಿಮೆಯವರ ದಾಖಲೆಯಲ್ಲಿ ಇದೇ ಕಾರಿನ ಬೆಲೆ ಕಡಲೆಪುರಿಯಷ್ಟು. ನಾಳೆ ಕಾರು ಕಳುವಾದರೆ ಅಷ್ಟೇ ಕೊಡುತ್ತಾರೆ. ಇಷ್ಟು ಹಳೆಯ ಗಾಡಿ ಎಂದರೆ ಸಾಲ ಕೊಡಬೇಕಾದ ಬ್ಯಾಂಕು ಮುಖ ತಿರುಗಿಸುತ್ತದೆ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಕೂಡ ಹಳೆಯ ಕಾರಿಗೆ ಶೇಕಡ 18 ಎಂದು ಘೋಷಿಸಿ ಬೈಸಿಕೊಂಡಿತಾದರೂ, ಅದು ಡೀಲರಿನ ಲಾಭದ ಅಂಶಕ್ಕಷ್ಟೇ ಎಂಬ ವಿವೇಕವನ್ನು ಉಳಿಸಿಕೊಂಡಿತ್ತು. ಇಡೀ ಜಗತ್ತಿನಲ್ಲಿ ನಮ್ಮ ಷಡ್ಡಕರ ಕಾರನ್ನು ಇವತ್ತಿಗೂ ಹೊಸದೆಂದು ಮನಸಾರೆ ನಂಬಿರುವವರು ಇಬ್ಬರೇ: ಒಬ್ಬರು ಷಡ್ಡಕರು, ಇನ್ನೊಬ್ಬರು ರಾಜ್ಯದ ತೆರಿಗೆ ಲೆಕ್ಕಿಗರು.

ಶ್ರೀಮಂತರು ತೆರಿಗೆ ತಪ್ಪಿಸುತ್ತಾರಲ್ಲ ಎಂದು ಕೇಳುವಿರಿ. ತಪ್ಪಿಸುತ್ತಾರೆ. 2025ರಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರದ ನಂಬರಿನ ಫೆರಾರಿಯೊಂದನ್ನು ಹಿಡಿದು 1 ಕೋಟಿ 41 ಲಕ್ಷಕ್ಕೂ ಹೆಚ್ಚು ವಸೂಲು ಮಾಡಿದರು, ಅದಕ್ಕೆ ನನ್ನದೂ ಒಂದು ಚಪ್ಪಾಳೆ. ಆ ಮಾಲೀಕರು ಕೂಡಲೇ ಕಟ್ಟಿ ಗಾಡಿ ಬಿಡಿಸಿಕೊಂಡು ಹೋದರು. ಪಿಂಚಣಿಯ ಹಣದಲ್ಲಿ ಒಂದು ಆಸೆ ತೀರಿಸಿಕೊಳ್ಳಲು ಹೊರಟ ನಿವೃತ್ತ ಫಿಟ್ಟರನಿಗೂ ಅದೇ ಬಲೆ, ಅದೇ ಸೂತ್ರ ಎಂಬುದಷ್ಟೇ ನನ್ನ ತಕರಾರು.

ತೆರಿಗೆ ಕಟ್ಟಿದ ಮೇಲೆ ಷಡ್ಡಕರ ಬಳಿ ಮೆಕ್ಯಾನಿಕ್ಕಿಗೆ ಕೊಡಲು ಹಣವಿರಲಿಲ್ಲ. ಹೀಗೆ ಅವರು ಮನೆಯಲ್ಲೇ ರಿಪೇರಿ ಆರಂಭಿಸಿದರು. ರೈಲ್ವೆಯ ಕಾಲದಿಂದ ಕಾಪಾಡಿಕೊಂಡು ಬಂದಿದ್ದ ರಿಂಗ್ ಸ್ಪ್ಯಾನರುಗಳ ಸೆಟ್ಟು ಮೊದಲ ದಿನವೇ ಕೆಲಸಕ್ಕೆ ಬಾರದಾಯಿತು. ಜರ್ಮನರ ಬೋಲ್ಟಿನ ತಲೆ ಆರು ಮೂಲೆಯದಲ್ಲ, ನಕ್ಷತ್ರದಾಕಾರದ್ದು, ಅದಕ್ಕೆ ಬೇರೆಯೇ ಸಾಕೆಟ್ಟು ಬೇಕು. ಕೆಲವು ಎಂಜಿನ್ನುಗಳಲ್ಲಿ ಬೋಲ್ಟು ಅಲ್ಯೂಮಿನಿಯಂದು, ಒಮ್ಮೆ ಬಿಚ್ಚಿದರೆ ಮತ್ತೆ ಹಾಕುವಂತಿಲ್ಲ. ಎಣ್ಣೆ ಎಷ್ಟಿದೆಯೆಂದು ಅದ್ದಿ ನೋಡಲು ಕಡ್ಡಿಯೇ ಇಲ್ಲದ ಕಾರುಗಳಿವೆ, ಪರದೆ ಹೇಳಿದ್ದನ್ನು ನಂಬಬೇಕು. ಬ್ಯಾಟರಿ ಬದಲಾಯಿಸಿದರೆ ಸಾಲದು, ಹೊಸ ಬ್ಯಾಟರಿ ಬಂದಿದೆಯೆಂದು ಸ್ಕ್ಯಾನರಿನ ಮೂಲಕ ಕಾರಿನ ಕಂಪ್ಯೂಟರಿಗೆ ವರದಿ ಒಪ್ಪಿಸಬೇಕು. ಬಿಎಂಡಬ್ಲ್ಯುವಿನ ಎನ್47 ಎಂಬ ಪ್ರಸಿದ್ಧ ಡೀಸೆಲ್ ಎಂಜಿನ್ನಿನಲ್ಲಿ ಟೈಮಿಂಗ್ ಚೈನನ್ನು ಗೇರ್‌ಬಾಕ್ಸಿನ ಕಡೆಗೆ, ಅಂದರೆ ಹಿಂಬದಿಗೆ ಇಟ್ಟಿದ್ದಾರೆ. ಚೈನು ಸವೆದರೆ ಇಡೀ ಎಂಜಿನ್ನನ್ನೇ ಕೆಳಗಿಳಿಸುವುದು ವಾಡಿಕೆ. ಎಂಟು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನು ಎಂದೂ ಬದಲಿಸಬೇಕಾಗಿಲ್ಲವೆಂದು ಕಾರು ಮಾರುವವರು ಹೇಳುತ್ತಾರೆ, ಆ ಗೇರ್‌ಬಾಕ್ಸನ್ನು ತಯಾರಿಸುವ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರಿನೊಳಗೆ ಬದಲಿಸಿ ಎನ್ನುತ್ತದೆ. ಮೊದಲ ಮಾಲೀಕ ಅಷ್ಟು ದೂರ ಇಟ್ಟುಕೊಳ್ಳುವವನಲ್ಲ ಎಂಬುದು ಮಾರುವವರಿಗೆ ಗೊತ್ತು. ಎರಡನೆಯವನು ಅಶೋಕಪುರಂನವನಾಗಿರುತ್ತಾನೆಂದು ಅವರು ಊಹಿಸಿರಲಾರರು.

ಕಳೆದ ಭಾನುವಾರ ಹೋದಾಗ ಆಯಿಲ್ ಫಿಲ್ಟರ್ ಹೌಸಿಂಗಿನ ಗ್ಯಾಸ್ಕೆಟ್ ಬದಲಾಯಿಸುವ ಕಾರ್ಯಕ್ರಮ ನಡೆದಿತ್ತು. ಗ್ಯಾಸ್ಕೆಟ್ ಎಂದರೆ ಅಂಗೈಯಲ್ಲಿ ಮುಚ್ಚಬಹುದಾದ ಒಂದು ರಬ್ಬರು ತುಂಡು. ಅದನ್ನು ಮುಟ್ಟಬೇಕಾದರೆ ಮೊದಲು ಗಾಳಿಯ ಕೊಳವೆ, ಆಮೇಲೆ ಟರ್ಬೊದ ಪೈಪು, ಆಮೇಲೆ ಇನ್‌ಟೇಕ್ ಮ್ಯಾನಿಫೋಲ್ಡು, ನಡುವೆ ವೈರುಗಳ ಕಟ್ಟು. ಹತ್ತು ವರ್ಷ ಎಂಜಿನ್ನಿನ ಕಾವಿನಲ್ಲಿ ಬೆಂದ ಪ್ಲಾಸ್ಟಿಕ್ ಕ್ಲಿಪ್ಪುಗಳು ಮುಟ್ಟಿದರೆ ಟಿಕ್ಕೆಂದು ಮುರಿಯುತ್ತವೆ, ಒಂದೊಂದು ಟಿಕ್ಕಿಗೂ ಷಡ್ಡಕರು ಕಣ್ಣು ಮುಚ್ಚಿ ತೆರೆಯುತ್ತಿದ್ದರು. ಬಿಚ್ಚಿದ ಬೋಲ್ಟುಗಳು ಅದಲುಬದಲಾಗದಿರಲೆಂದು ನಾದಿನಿಯ ಇಡ್ಲಿ ತಟ್ಟೆಗಳನ್ನು ತಂದು, ಒಂದೊಂದು ಗುಳಿಯ ಪಕ್ಕದಲ್ಲಿ ಸೀಮೆಸುಣ್ಣದಿಂದ ಅಂಕಿ ಬರೆದು ಜೋಡಿಸಿಟ್ಟಿದ್ದರು. ಆ ಮನೆಯಲ್ಲಿ ಭಾನುವಾರ ಈಗ ಉಪ್ಪಿಟ್ಟು.

ಪೆಟ್ರೋಲ್ ಕಾರಿನವರ ಸುಖ ಬೇರೆ ಬಗೆಯದು. ಷಡ್ಡಕರ ಅಣ್ಣನ ಮಗ ಮದ್ದೂರಿನ ಕಡೆ ಕಬ್ಬು ಬೆಳೆಯುತ್ತಾನೆ, ಚಿಕ್ಕಪ್ಪನನ್ನು ನೋಡಿ ಅವನೂ ಒಂದು ಹಳೆಯ ಪೆಟ್ರೋಲ್ ಜರ್ಮನನ್ನು ಮನೆಗೆ ತಂದ. ಬಂಕಿನಲ್ಲಿ ಈಗ ಸಿಗುವುದು ಶೇಕಡ 20 ಎಥನಾಲ್, ಅಂದರೆ ಕಬ್ಬಿನಿಂದಲೂ ತೆಗೆಯುವ ಮದ್ಯಸಾರ, ಬೆರೆತ ಪೆಟ್ರೋಲ್. ಮೈಲೇಜು ಅಷ್ಟಿಷ್ಟು ಇಳಿಯುತ್ತದೆಂದು ಸರ್ಕಾರವೇ ಒಪ್ಪಿದೆ. ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇಕಡ 6ರಿಂದ 7ರಷ್ಟು ಎಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಹಳೆಯ ವಾಹನಗಳಲ್ಲಿ ಕೆಲವು ರಬ್ಬರು ಭಾಗ, ಗ್ಯಾಸ್ಕೆಟ್ಟುಗಳನ್ನು ಸ್ವಲ್ಪ ಬೇಗ ಬದಲಾಯಿಸಬೇಕಾಗಬಹುದು, ಅದು ಅಗ್ಗದ, ಸುಲಭದ ಕೆಲಸ ಎಂದು ಪೆಟ್ರೋಲಿಯಂ ಸಚಿವಾಲಯ ಸಮಾಧಾನ ಹೇಳಿತು. ಆ ಹೇಳಿಕೆ ಬರೆದ ಅಧಿಕಾರಿಯನ್ನು ಒಂದು ಭಾನುವಾರ ಕುವೆಂಪುನಗರಕ್ಕೆ ಕರೆಸಿ, ಇಡ್ಲಿ ತಟ್ಟೆ ಕೈಗೆ ಕೊಡಬೇಕೆಂಬುದು ನನ್ನ ಬಹುದಿನದ ಆಸೆ. "ಚಿಕ್ಕಪ್ಪ, ನಾನು ಬೆಳ್ದಿರೋ ಕಬ್ನ ನಾನೇ ಕಾರಿಗೆ ಕುಡುಸ್ತಾ ಇವ್ನಿ, ಅದ್ಕೇ ಅಜೀರ್ಣ ಆಗದೆ" ಎಂದು ಹುಡುಗ ನಗುತ್ತಾನೆ. ಕಬ್ಬು ಒಪ್ಪಿಸಿದ 14 ದಿನದೊಳಗೆ ರೈತನಿಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಎಥನಾಲ್ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದೆವೆಂದು ಬೀಗುವವರು ಈ 14 ದಿನದ ಗುರಿಯ ಬಗ್ಗೆ ಬಾಯಿ ಬಿಡುವುದಿಲ್ಲ.

ಇಷ್ಟೆಲ್ಲ ತೆರಿಗೆ ರಸ್ತೆಗಾಗಿ ಅಲ್ಲವೇ ಎಂದು ಯಾರಾದರೂ ಹೇಳಿದರೆ ನನಗೆ ಈಗ ನಗು ಬರುವುದಿಲ್ಲ. ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕೆಂದು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಅಳತೆ ಕೊಟ್ಟಿದೆ. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲುವ ಡಾಂಬರಿನ ಗುಡ್ಡೆಗಳಿಗೂ ಆ ಅಳತೆಗೂ ಸಂಬಂಧವಿಲ್ಲ, ಬಣ್ಣವಿಲ್ಲ, ಫಲಕವಿಲ್ಲ. ಜರ್ಮನ್ ಕಾರಿನ ಹೊಟ್ಟೆ ತರಚುವುದು ಹಾಗಿರಲಿ. ಮಳೆಯ ರಾತ್ರಿ ಸ್ಕೂಟರಿನ ಹಿಂದೆ ಮಗುವನ್ನು ಕೂರಿಸಿಕೊಂಡು ಬರುವ ಹೆಂಗಸು ಅದೇ ಗುಡ್ಡೆಗೆ ಹಾರಿ ಬೀಳುತ್ತಾಳೆ, ಅವಳೂ ಜೀವಾವಧಿ ತೆರಿಗೆ ಕಟ್ಟಿದವಳೇ. ಯಾರು ಹಾಕಿಸಿದರೆಂದು ಕೇಳಿದರೆ ವಾರ್ಡಿನಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಇದರಲ್ಲಿ ವಿಡಂಬನೆ ಮಾಡಲು ಏನೂ ಉಳಿದಿಲ್ಲ, ಬೇಸರವಾಗುತ್ತದೆ, ಅಷ್ಟೇ.

ಷಡ್ಡಕರು ಮಾತ್ರ ಧೃತಿಗೆಟ್ಟಿಲ್ಲ. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯನ್ನು ಸುತ್ತಿ ಸೋತ ಮೇಲೆ ಅವರಿಗೊಂದು ಉಪಾಯ ಹೊಳೆದಿದೆ. ಅದೇ ಮಾದರಿಯ, ಅದೇ ವರ್ಷದ ಇನ್ನೊಂದು ಕಾರನ್ನು ದಿಲ್ಲಿಯಿಂದ ತರಿಸಿ, ನೋಂದಣಿಯ ಗೊಡವೆಗೇ ಹೋಗದೆ, ಬಿಚ್ಚಿ ಅಟ್ಟದ ಮೇಲೆ ಇಟ್ಟುಕೊಳ್ಳುವುದು. ಓಡದ ಕಾರಿನ ಬಾಗಿಲು, ಬಂಪರು, ರೇಡಿಯೇಟರುಗಳಿಗೆ ಶೋರೂಮ್ ಬೆಲೆಯ ಮೇಲೆ ತೆರಿಗೆ ಹಾಕುವ ಸೂತ್ರ ಇದುವರೆಗೆ ಯಾರಿಗೂ ಹೊಳೆದಿಲ್ಲವೆಂದು ವಿಚಾರಿಸಿಕೊಂಡು ಬಂದಿದ್ದಾರೆ. ಮುಂದಿನ ಬಜೆಟ್ಟಿನೊಳಗೆ ಬಿಚ್ಚಿ ಮುಗಿಸಬೇಕೆಂಬ ಅವಸರದಲ್ಲಿ ನನಗೂ ಒಂದು ಸೆಟ್ಟು ನಕ್ಷತ್ರದ ಸಾಕೆಟ್ಟು ತಂದಿಟ್ಟಿದ್ದಾರೆ.