ಬಟನ್ ಒತ್ತುವ ಮೊದಲು ಎರಡು ನಿಮಿಷ

ಸ್ಮಾರ್ಟ್‌ಬೋರ್ಡ್ ಬಂದ ಮೊದಲ ವರ್ಷ ನಾನು ಭಾರೀ ಒಳ್ಳೆಯ ವಿಜ್ಞಾನ ಮೇಷ್ಟ್ರು ಅಂದುಕೊಂಡಿದ್ದೆ. ಬಣ್ಣಬಣ್ಣದ ಸ್ಲೈಡು, ತಾನಾಗೇ ಓಡುವ ಬಾಣಗಳು. ಮಕ್ಕಳು ತುಟಿಪಿಟಿಕ್ ಎನ್ನದೆ ಕೂರುತ್ತಿದ್ದರು. ಎರಡು ಪೀರಿಯಡ್‌ನ ಪಾಠ ಒಂದರಲ್ಲೇ ಮುಗಿಯುತ್ತಿತ್ತು. ಪೇಪರ್ ತಿದ್ದುವಾಗ ಬಣ್ಣ ಬಯಲಾಯಿತು.

ಪ್ರಶ್ನೆ ಸುಲಭದ್ದೇ. ಒಂದು ಬ್ಯಾಟರಿಗೆ ಒಂದೇ ಥರದ ಎರಡು ಬಲ್ಬುಗಳನ್ನು ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ನಂತರ ಒಂದರಂತೆ, ಜೋಡಿಸಿದರೆ ಯಾವುದು ಹೆಚ್ಚು ಉರಿಯುತ್ತದೆ? ಮೊದಲನೆಯದು ಎಂದು ಅರ್ಧ ತರಗತಿ ಬರೆದಿತ್ತು. ಕಾರಣವನ್ನೂ ಕೊಟ್ಟಿದ್ದರು: ಮೊದಲ ಬಲ್ಬು ಸ್ವಲ್ಪ ಕರೆಂಟ್ ತಿಂದುಬಿಡುತ್ತದೆ, ಎರಡನೆಯದಕ್ಕೆ ಉಳಿದದ್ದು. ಎರಡೂ ಒಂದೇ ಸಮ ಉರಿಯುವ ಚಿತ್ರ ನನ್ನ ಸ್ಲೈಡಿನಲ್ಲೇ ಇತ್ತು. ಎಲ್ಲರೂ ನೋಡಿದ್ದರು. ಬರೆದುಕೊಂಡೂ ಇದ್ದರು. ತಲೆಯೊಳಗಿನ ಹಳೇ ಲೆಕ್ಕ ಮಾತ್ರ ಅಲ್ಲಾಡಿರಲಿಲ್ಲ.

ಮುಂದಿನ ವರ್ಷ 'ಫೆಟ್' ಎಂಬ, ಪರದೆಯ ಮೇಲೆ ಪ್ರಯೋಗ ಮಾಡುವ ಸಾಫ್ಟ್‌ವೇರ್ ಬಳಸಿದೆ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ. ಪರದೆಯ ಮೇಲೆ ವೈರು, ಬಲ್ಬು, ಬ್ಯಾಟರಿಗಳನ್ನು ಎಳೆದು ಜೋಡಿಸಬಹುದು. ಎಲ್ಲ ಜೋಡಿಸಿ, ಸ್ವಿಚ್ ಒತ್ತದೆ ಎರಡು ನಿಮಿಷ ಸುಮ್ಮನೆ ನಿಂತೆ. "ಏನಾಗುತ್ತೆ ಅಂತ ಬರೆಯಿರಿ. ಯಾಕೆ ಅಂತ ಪಕ್ಕದವರಿಗೆ ಹೇಳಿ."

ತರಗತಿ ಗಿಜಿಗಿಜಿ ಆಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ಬ್ಯಾಟರಿ ತಿರುಗಿಸಿ ಹಾಕಿದರೆ ಎರಡನೇದೇ ಮೊದಲನೇ ಬಲ್ಬು ಆಗುತ್ತೆ ಅಲ್ವಾ? ಆಗ ಯಾರು ಯಾರದ್ದು ತಿಂತಾರೆ?"

ಇಂಥ ಪ್ರಶ್ನೆ ನನ್ನ ಯಾವ ಸ್ಲೈಡಿನಲ್ಲೂ ಇರಲಿಲ್ಲ. ಸ್ವಿಚ್ ಒತ್ತಿದಾಗ ಎರಡೂ ಒಂದೇ ಸಮ ಉರಿದವು. ಬ್ಯಾಟರಿ ತಿರುಗಿಸಿದರೂ ಅಷ್ಟೇ. "ಓ..." ಎಂದರಲ್ಲ, ಆ ಸದ್ದಿಗಾಗಿ ಕಾದಿದ್ದೆ.

ಇಲ್ಲಿ ಕೆಲಸ ಮಾಡಿದ್ದು ಸಾಫ್ಟ್‌ವೇರಾ, ಆ ಎರಡು ನಿಮಿಷವಾ? ಹಾರ್ವರ್ಡ್‌ನ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ಹೀಗೇ ಪಾಠ ಮಾಡುತ್ತ ಬಂದವರು. ಪ್ರಶ್ನೆ ಹಾಕಿ, ಉತ್ತರ ಆರಿಸಲು ಹೇಳಿ, ಆಮೇಲೆ ಪಕ್ಕದವರ ಜೊತೆ ಚರ್ಚೆಗೆ ಬಿಡುವುದು. ಉತ್ತರ ಒತ್ತಲು ಕ್ಲಿಕರ್ ಎಂಬ ಪುಟ್ಟ ರಿಮೋಟ್ ಬಂತು. ಕ್ಲಿಕರ್ ಒತ್ತಿದ ತರಗತಿಯನ್ನೂ ಬರೀ ಕಾರ್ಡು ಎತ್ತಿ ತೋರಿಸಿದ ತರಗತಿಯನ್ನೂ ಹೋಲಿಸಿದ ಅಧ್ಯಯನವೊಂದು 2008ರಲ್ಲಿ ಬಂತು. ಕಲಿಕೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ! ಪೆರು ದೇಶದ ಕಥೆಯೂ ಹೀಗೇ. ಹಳ್ಳಿ ಶಾಲೆಗಳ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದರು. 319 ಶಾಲೆಗಳಲ್ಲಿ ನಡೆದ ಅಧ್ಯಯನ 2012ರಲ್ಲಿ ಹೊರಬಂದಾಗ ಗಣಿತ, ಭಾಷೆ ಎರಡರಲ್ಲೂ ಅಂಕ ಏರಿರಲಿಲ್ಲ.

ಹಾಗಂತ ಪರದೆ ಬೇಡ ಎನ್ನುತ್ತಿಲ್ಲ. ಕಣ್ಣು ಮಂಜಾದ ಮಗು ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತದೆ. ಜ್ವರ ಬಂದು ಮನೆಯಲ್ಲಿದ್ದವನು ಪಾಠದ ವಿಡಿಯೋ ನೋಡುತ್ತಾನೆ. ಇದಕ್ಕೆಲ್ಲ ಯಾರ ತಕರಾರೂ ಇಲ್ಲ.

ಆದರೆ ಪರದೆಯ ವೈರು ಸಡಿಲ ಆಗುವುದಿಲ್ಲ ನೋಡಿ. ಮಾರನೇ ದಿನ ಲ್ಯಾಬಿನಲ್ಲಿ ನಿಜವಾದ ವೈರು ಕೊಟ್ಟೆ. ಒಂದು ಗುಂಪಿನ ಬಲ್ಬು ಹತ್ತಲೇ ಇಲ್ಲ. ಬ್ಯಾಟರಿ ಬದಲಿಸಿದರು, ಬಲ್ಬು ಬದಲಿಸಿದರು, ಒಬ್ಬರನ್ನೊಬ್ಬರು ಬೈದುಕೊಂಡರು. ಹತ್ತು ನಿಮಿಷದ ಮೇಲೆ ಒಬ್ಬ ವೈರಿನ ತುದಿ ಹಿಡಿದು ನೋಡಿದ. ಪ್ಲಾಸ್ಟಿಕ್ ಸುಲಿದೇ ಇರಲಿಲ್ಲ. ಕರೆಂಟ್ ಯಾವುದರಲ್ಲಿ ಹರಿಯುತ್ತದೆ, ಯಾವುದರಲ್ಲಿ ಹರಿಯುವುದಿಲ್ಲ ಎಂದು ಆ ಗುಂಪಿಗೆ ನಾನು ಬೇರೆ ಪಾಠ ಮಾಡಲಿಲ್ಲ.

ಮೊನ್ನೆ ಒಂದು ಆ್ಯಪ್ ಕಂಪನಿಯವರು ಡೆಮೋ ಕೊಡಲು ಬಂದಿದ್ದರು. ಪ್ರಶ್ನೆಯ ಫೋಟೋ ತೆಗೆದರೆ ಮೂರು ಸೆಕೆಂಡಿನಲ್ಲಿ ಉತ್ತರ. ಉತ್ತರ ಎರಡು ನಿಮಿಷ ತಡವಾಗಿ ಬರುವ ಹಾಗೆ ಸೆಟ್ಟಿಂಗ್ ಇದೆಯಾ ಅಂತ ಕೇಳಿದೆ. ಹುಡುಗ ಪಾಪ, ದೂರು ಹೇಳುತ್ತಿದ್ದೇನೆ ಅಂದುಕೊಂಡ.

"ಇಲ್ಲ ಸರ್, ಮುಂದಿನ ಅಪ್‌ಡೇಟ್‌ನಲ್ಲಿ ಇನ್ನೂ ಫಾಸ್ಟ್ ಆಗುತ್ತೆ."